ಮಂಕು ಹಸಿರೋ, ಕಪ್ಪು-ನೀಲಿಯೋ: ಬ್ಯಾಸ್ ಮೀನಿಗೆ ಯಾವ ಬಣ್ಣದ ಲೂರ್?

ಅಮೆರಿಕದ ಜಲಾಶಯಗಳಲ್ಲಿ ಲಾರ್ಜ್‌ಮೌತ್ ಬ್ಯಾಸ್ ಹಿಡಿಯಹೊರಟವರು ಲೂರ್, ಅಂದರೆ ಗಾಳದ ಕೃತಕ ಎರೆಯ, ಬಣ್ಣ ಆರಿಸುವ ಮುನ್ನ ನೀರನ್ನು ನೋಡಬೇಕು. ಇಳಿಬಿಟ್ಟ ಲೂರ್ 3-4 ಅಡಿ ಆಳದಲ್ಲೂ ಕಾಣುತ್ತಿದ್ದರೆ, ಕಂದು ಬೆರೆತ ಮಂಕು ಹಸಿರಿನ, ಅಂದರೆ ‘ಗ್ರೀನ್ ಪಂಪ್‌ಕಿನ್’ ಬಣ್ಣದ, ಮೆತ್ತನೆಯ ಪ್ಲಾಸ್ಟಿಕ್ ಹುಳುವೇ ಮೇಲು. ಅದು ಸಿಗಡಿಯಂಥ ಜೀವಿಯಾದ ಕ್ರೇಫಿಶ್‌ನ ಮೈಬಣ್ಣವನ್ನೂ ಚಿಕ್ಕ ಬ್ಲೂಗಿಲ್ ಮೀನಿನ ಬಣ್ಣವನ್ನೂ ಹೋಲುವುದರಿಂದ, ಹತ್ತಿರ ಬಂದು ನೋಡುವ ಬ್ಯಾಸ್‌ಗೂ ಸುಲಭವಾಗಿ ಅನುಮಾನ ಬರುವುದಿಲ್ಲ. ಮಳೆಯ ನಂತರ ಒಂದು ಅಡಿಯೊಳಗೇ ಲೂರ್ ಮರೆಯಾಗುವಷ್ಟು ಕದಡಿದ ನೀರಿನಲ್ಲಿ ಈ ಹೋಲಿಕೆ ವ್ಯರ್ಥ. ಅಲ್ಲಿ ಬೇಕಾದದ್ದು ದಟ್ಟ ನೆರಳಿನಂಥ ಆಕಾರ. ಅದನ್ನು ಕೊಡುವುದು ಕಪ್ಪು-ನೀಲಿ ಜಿಗ್, ಅಂದರೆ ಭಾರದ ತಲೆಯಿರುವ ಗಾಳದ ಲೂರ್.

ಚಾರ್ಟ್ರೂಸ್ ಎಂಬ ಕಣ್ಣು ಕುಕ್ಕುವ ಹಳದಿ-ಹಸಿರನ್ನೂ ಕದಡಿದ ನೀರಿಗೆ ಸೂಚಿಸುವುದುಂಟು. ಆದರೆ ಈ ಮೀನಿನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಹಸಿರಿಗೊಂದು, ಕೆಂಪಿಗೊಂದು ಎಂಬಂತೆ ಎರಡೇ ಬಗೆಯವು. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗದಲ್ಲಿ ಬ್ಯಾಸ್‌ಗಳು ಕೆಂಪನ್ನು ಚೆನ್ನಾಗಿ ಗುರುತಿಸಿದರೂ, ಚಾರ್ಟ್ರೂಸ್‌ಗೂ ಬಿಳಿಗೂ, ನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದೆ ತಡಕಾಡಿದವು. ಆದ್ದರಿಂದ ಬಿಳಿ ಲೂರ್ ಇದ್ದವರು ಚಾರ್ಟ್ರೂಸ್‌ಗೆ ಮತ್ತೆ ಹಣ ಸುರಿಯಬೇಕಿಲ್ಲ (ಅಂಗಡಿಯ ಗೋಡೆಯ ಬಣ್ಣಗಳು ಮೊದಲು ಹಿಡಿಯುವುದು ನಮ್ಮನ್ನೇ). ಕೆಂಪು ಕ್ರ್ಯಾಂಕ್‌ಬೇಟ್ (ಎಳೆದಾಗ ಮೀನಿನಂತೆ ಅಲುಗುವ ಗಟ್ಟಿ ಲೂರ್) ವಸಂತದ ಆರಂಭದಲ್ಲಿ, ಆಳವಿಲ್ಲದ ನೀರಿನಲ್ಲಿ ಸೊಗಸು. ಆಳಕ್ಕಿಳಿದಂತೆ ಕೆಂಪು ಬೆಳಕನ್ನು ನೀರೇ ಹೀರಿಕೊಳ್ಳುತ್ತದೆ. ಒಂದನ್ನೇ ಕೊಳ್ಳುವುದಾದರೆ ನನ್ನ ಮತ ಮಂಕು ಹಸಿರಿಗೆ.