ಹೆಬ್ಬಾತಿಗೆ ಕೊರಳಪಟ್ಟಿಯೋ, ಸ್ಯಾಟಲೈಟ್ ಟ್ಯಾಗೋ?

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆ ಶುರುವಾಗುತ್ತಿದ್ದಂತೆ ಹಿಮಾಲಯ ದಾಟಿ ತಮ್ಮೂರಿಗೆ ಹೊರಡುತ್ತವೆ. ಆ ದಾರಿ ತಿಳಿಯಬೇಕು ಅಂದರೆ ಏನು ಕಟ್ಟಬೇಕು?

ಕೊರಳಪಟ್ಟಿ ಅಗ್ಗ, ಬ್ಯಾಟರಿ ಬೇಡ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹಕ್ಕಿಗಳು ಕರ್ನಾಟಕದಲ್ಲೂ ಕಂಡಿವೆ. ಆದರೆ ಯಾರಾದರೂ ದುರ್ಬೀನು ಹಿಡಿದು ಅದರ ಮೇಲಿನ ಅಕ್ಷರ ಓದಿದರಷ್ಟೇ ಲೆಕ್ಕ. ನಡುವಿನ ದಾರಿ ಸೊನ್ನೆ.

ಸ್ಯಾಟಲೈಟ್ ಟ್ಯಾಗ್ ದುಬಾರಿ, ಆದರೂ ನಾನಾದರೆ ಅದನ್ನೇ ಆರಿಸುತ್ತೇನೆ. ಹಕ್ಕಿ ಎಲ್ಲಿದೆ ಅನ್ನೋ ಸುದ್ದಿಯನ್ನು ಟಿಬೆಟ್‌ನ ನೆಟ್‌ವರ್ಕ್ ಇಲ್ಲದ ಮೂಲೆಯಿಂದಲೂ ಉಪಗ್ರಹದ ಮೂಲಕ ಕಳಿಸುತ್ತದೆ. ಅದರ ಬದಲು ಮೊಬೈಲ್ ಸಿಮ್ ಇರುವ ಟ್ಯಾಗ್ ಹಾಕಿದರೆ, ಅದು ಟವರ್ ಸಿಗುವ ತನಕ ಎಲ್ಲವನ್ನೂ ಒಳಗೇ ಕೂಡಿಟ್ಟುಕೊಂಡಿರುತ್ತದೆ, ಅಷ್ಟರಲ್ಲಿ ಹಕ್ಕಿ ಸತ್ತರೆ ಅದೂ ಹೋಯ್ತು.

ತೂಕ ಮಾತ್ರ ಮರೀಬೇಡಿ. 2 ಕೆಜಿ ಹೆಬ್ಬಾತಿಗೆ ಚಿಂತೆಯಿಲ್ಲ, ಸುಮಾರು 150 ಗ್ರಾಂನ ಅಮುರ್ ಫಾಲ್ಕನ್ ಎಂಬ ಪುಟ್ಟ ಬೇಟೆಹಕ್ಕಿಗೆ 5 ಗ್ರಾಂ ಟ್ಯಾಗೂ ಹೊರೆಯೇ.