ದೊಡ್ಡ ಹಾಲ್‌ಗೆ ಎರಡು ಸಬ್‌ವೂಫರ್: ಕೆಲವು ವರ್ಷ ಬಳಸಿದ ಮೇಲೆ

ಸಬ್‌ವೂಫರ್ ಅಂದರೆ ಬೇಸ್, ಅಂದರೆ ಆಳದ ಸದ್ದು, ಕೊಡುವ ಸ್ಪೀಕರ್ ಪೆಟ್ಟಿಗೆ. ಮೊದಲೇ ಹೇಳಿಬಿಡುತ್ತೇನೆ. ಹಾಲ್ ದೊಡ್ಡದಿದ್ದರೆ ಒಂದು ದುಬಾರಿ ಸಬ್‌ವೂಫರ್‌ಗಿಂತ ಎರಡು ಮಧ್ಯಮ ಬೆಲೆಯವು ಮೇಲು. ಆದರೆ ಯಾವುದನ್ನು ತಂದಿರಿ ಅನ್ನುವುದಕ್ಕಿಂತ ಎಲ್ಲಿ ಇಟ್ಟಿರಿ ಅನ್ನುವುದೇ ಮುಖ್ಯ. ಹಾಗಾಗಿ ಇಲ್ಲಿ ಪೆಟ್ಟಿಗೆಯ ಮಾತು ಕಡಿಮೆ, ಜಾಗದ ಮಾತು ಜಾಸ್ತಿ.

ನಮ್ಮ ಮನೆ ತುಮಕೂರಿನ ಎಸ್‌ಐಟಿ ಬಡಾವಣೆ ಕಡೆ. ಹಾಲ್ 24 ಅಡಿ ಉದ್ದ, 16 ಅಡಿ ಅಗಲ, ಹತ್ತಡಿ ಎತ್ತರ. ಟಿವಿ ಪೂರ್ವದ ಗೋಡೆಗೆ. ಸೋಫಾ ಹಾಲ್‌ನ ನಡುವಿನಿಂದ ಸ್ವಲ್ಪ ಹಿಂದೆ. ಅದರ ಹಿಂದೆ ಗೋಡೆ ಇಲ್ಲ, ಡೈನಿಂಗ್‌ಗೆ ತೆರೆದಿದೆ, ಪಕ್ಕದಲ್ಲೇ ಮಹಡಿ ಮೆಟ್ಟಿಲು. ಬೇಸ್‌ಗೆ ಹಾಲ್ ಯಾವುದು, ಡೈನಿಂಗ್ ಯಾವುದು ಗೊತ್ತಾಗುವುದಿಲ್ಲ. ತೆರೆದಿರುವ ಜಾಗವನ್ನೆಲ್ಲ ಅದು ತುಂಬಬೇಕು. ಸಬ್ ಎಷ್ಟು ದೊಡ್ಡದು ಬೇಕು ಅಂತ ಲೆಕ್ಕ ಹಾಕುವಾಗ ಡೈನಿಂಗನ್ನೂ ಮೆಟ್ಟಿಲಿನ ಜಾಗವನ್ನೂ ಸೇರಿಸಿಕೊಳ್ಳಿ. ಅಂಗಡಿಯವರು ಇದನ್ನು ಕೇಳುವುದೇ ಇಲ್ಲ.

ಈಗಿರುವುದು ಡೆನಾನ್ ಎವಿಆರ್-ಎಕ್ಸ್3700ಎಚ್ ರಿಸೀವರ್ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಪೆಟ್ಟಿಗೆ), ಮುಂದೆ ಎರಡು ಟವರ್ ಸ್ಪೀಕರ್, ಸೆಂಟರ್, ಸರೌಂಡ್‌ಗಳು, ಮತ್ತು ಎರಡು ಎಸ್‌ವಿಎಸ್ ಪಿಬಿ-1000 ಪ್ರೊ. ಈ ಸಬ್‌ನಲ್ಲಿರುವುದು 12 ಇಂಚಿನ ಡ್ರೈವರ್, 325 ವ್ಯಾಟ್ ಆಂಪ್, ಪೋರ್ಟ್ (ಗಾಳಿ ಆಡುವ ತೂತು) ಇರುವ ಪೆಟ್ಟಿಗೆ. ಇದಕ್ಕೂ ಮುಂಚೆ 5.1 ಸೆಟ್ (ಐದು ಸ್ಪೀಕರ್, ಒಂದು ಸಬ್) ಜೊತೆ ಬಂದಿದ್ದ ಹತ್ತು ಇಂಚಿನ ಸಬ್ ಒಂದಿತ್ತು. ಅದರ ಕಂಪನಿ ಹೆಸರು ಇಲ್ಲಿ ಬೇಡ. ಹಾಡಿಗೆ ಸಾಕಾಗುತ್ತಿತ್ತು. ಸಿನಿಮಾದಲ್ಲಿ ಗುಡುಗು, ಸ್ಫೋಟ ಬಂದಾಗ ಮಾತ್ರ ಪೆಟ್ಟಿಗೆ ಬಡಿದ ಸದ್ದು ಬರುತ್ತಿತ್ತೇ ಹೊರತು ಆಳ ಇರಲಿಲ್ಲ. ಒಂದು ಏಪ್ರಿಲ್‌ನಲ್ಲಿ ಮಿಂಚು ಗುಡುಗಿನ ಸಂಜೆ ಅದರ ಆಂಪ್ ಬೋರ್ಡ್ ಸುಟ್ಟಿತು. ರಿಪೇರಿ ಮಾಡಿಸಿದೆ, ಆಮೇಲೂ ಸುಮ್ನೆ ಗುಂಯ್ ಅಂತಲೇ ಇತ್ತು. ಬದಲಾಯಿಸಲು ಅಷ್ಟು ನೆಪ ಸಾಕಾಯಿತು.

ಮೊದಲು ತಂದದ್ದು ಒಂದೇ ಹೊಸ ಸಬ್. ಟಿವಿ ಗೋಡೆಯ ಬಲ ಮೂಲೆಯಲ್ಲಿ, ಹಳೆಯದು ಇದ್ದ ಕಡೆಯೇ ಇಟ್ಟೆ. ವ್ಯತ್ಯಾಸ ಕೇಳುವುದಕ್ಕೆ ಕಿವಿಯೇ ಬೇಕಿರಲಿಲ್ಲ, ಕಾಲಡಿಯ ಟೈಲ್ಸ್‌ಗೇ ಗೊತ್ತಾಯಿತು. ಆದರೆ ಒಂದು ವಿಚಿತ್ರ ಹಾಗೇ ಉಳಿಯಿತು. ಬಲಗಡೆ ಗೋಡೆಗೆ ಒತ್ತಿಕೊಂಡಿರುವ ದಿವಾನ್ ಮೇಲೆ ಕೂತರೆ ಎದೆ ನಡುಗುವಷ್ಟು ಬೇಸ್. ಸೋಫಾ ನಡುವೆ ಕೂತರೆ, ಅಂದರೆ ದುಡ್ಡು ಕೊಟ್ಟವನು ಕೂರುವ ಜಾಗದಲ್ಲಿ, ಅರ್ಧಕ್ಕರ್ಧ ಮಾಯ! ವಾಲ್ಯೂಮ್ ಏರಿಸಿದರೆ ದಿವಾನ್ ಮೇಲಿದ್ದ ಅಮ್ಮ, “ಲೋ, ಅದನ್ನ ಆರ್ಸೋ, ಎದೆ ಹೊಡ್ಕೊಳ್ತಿದೆ” ಅನ್ನುತ್ತಿದ್ದರು. ನನಗೋ ಏನೂ ಕೇಳುತ್ತಿರಲಿಲ್ಲ.

ಇದು ಸಬ್ ತಪ್ಪಲ್ಲ, ಹಾಲ್‌ನ ಅಳತೆಯ ಆಟ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾದರೆ 35 ಹರ್ಟ್ಸ್‌ನ (ಸೆಕೆಂಡಿಗೆ 35 ಸಲ ಅಲುಗುವ) ಸದ್ದಿನ ಒಂದು ಅಲೆಯ ಉದ್ದ 32 ಅಡಿ, ನಮ್ಮ ಹಾಲ್‌ನ ಅಗಲದ ಸರಿಯಾಗಿ ಎರಡರಷ್ಟು. ಇಂಥ ಅಲೆ ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಗೋಡೆಗಳ ಹತ್ತಿರ ಒತ್ತಡ ಜಾಸ್ತಿ, ನಟ್ಟನಡುವೆ ಸೊನ್ನೆ. ನಮ್ಮ ಸೋಫಾದ ನಡು ಸೀಟು ಎರಡೂ ಗೋಡೆಗಳಿಂದ ಎಂಟೆಂಟು ಅಡಿ. ಸೊನ್ನೆಯ ಮೇಲೇ ಕೂತಿದ್ದೆ ಅಲ್ವಾ! ಉದ್ದದ ಕಡೆಯೂ ಇದೇ ಥರ 23 ಹರ್ಟ್ಸ್ ಸುಮಾರಿಗೆ ಒಂದು ಬರಬೇಕು. ಆದರೆ ಹಿಂದೆ ಗೋಡೆ ಇಲ್ಲದ್ದರಿಂದ ಆ ಲೆಕ್ಕ ಅಷ್ಟು ಶುದ್ಧವಾಗಿ ಕೂರುವುದಿಲ್ಲ. ಅಗಲದ ಕಡೆ ಎರಡೂ ಗಟ್ಟಿ ಗೋಡೆ, ಅದೇ ನಿಜವಾದ ವೈರಿ.

ಗಟ್ಟಿ ಗೋಡೆ ಅಂದೆ. ಇದು ನಮ್ಮ ಕಡೆಯವರು ಗಮನಿಸಬೇಕಾದ ವಿಷಯ. ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆ ಬಹುಪಾಲು ಅಮೆರಿಕದ ಮನೆಗಳಿಗೆ ಹೇಳಿದ್ದು. ಅಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆ. ಅದು ತಾನೂ ಅಲುಗಿ ಒಂದಿಷ್ಟು ಬೇಸನ್ನು ನುಂಗುತ್ತದೆ, ಒಂದಿಷ್ಟನ್ನು ಹೊರಗೆ ಬಿಡುತ್ತದೆ. ನಮ್ಮದು ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ, ಕೆಳಗೆ ಗ್ರಾನೈಟೋ ಟೈಲ್ಸೋ. ಬೇಸ್ ಒಳಗೇ ಉಳಿಯುತ್ತದೆ. ಅದರಿಂದ ಸಣ್ಣ ಸಬ್ ಕೂಡ ಜೋರಾಗಿ ಕೇಳುತ್ತದೆ ಅನ್ನುವುದು ಲಾಭ. ಉಬ್ಬು ತಗ್ಗು ಎರಡೂ ಅತಿಯಾಗುತ್ತವೆ ಅನ್ನುವುದು ನಷ್ಟ. ಆರ್‌ಸಿಸಿ ಮನೆಯಲ್ಲಿ ಎರಡನೇ ಸಬ್ ಬೇಕಾಗುವುದು ಜೋರಿಗಲ್ಲ, ಸಮಕ್ಕೆ.

ಮಧ್ಯೆ ಒಬ್ಬರು ಗೋಡೆಗೆ ಪಿರಮಿಡ್ ಫೋಮ್ ಅಂಟಿಸಿ ಅಂದರು. ಎರಡು ಇಂಚಿನ ಫೋಮ್ ಮಾತಿನ ಪ್ರತಿಧ್ವನಿಗೆ ಸರಿ. 35 ಹರ್ಟ್ಸ್‌ನ ಕಾಲು ಅಲೆಯೇ ಎಂಟು ಅಡಿ. ಅದನ್ನು ಎರಡು ಇಂಚಿನ ಸ್ಪಂಜು ಏನು ಮಾಡೀತು? ಈಕ್ವಲೈಸರ್‌ನಲ್ಲಿ (ಬೇರೆಬೇರೆ ಹರ್ಟ್ಸ್‌ನ ಸದ್ದನ್ನು ಏರಿಸಿ ಇಳಿಸುವ ಸೆಟ್ಟಿಂಗ್) ನಡು ಸೀಟಿನ ಆ ಹಳ್ಳ ತುಂಬಿಸುವುದೂ ಆಗದ ಕೆಲಸ. ನೀವು ಕೊಟ್ಟಷ್ಟೂ ಅಲ್ಲಿ ರದ್ದಾಗುತ್ತದೆ, ಆಂಪ್ ಸುಮ್ನೆ ಬಿಸಿಯಾಗುತ್ತದೆ. ಉಬ್ಬನ್ನು ಇಳಿಸಬಹುದು, ಹಳ್ಳವನ್ನು ತುಂಬಲಾಗದು. ಇದೊಂದು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ದುಡ್ಡು ಉಳಿಯುತ್ತದೆ.

ಹಾಗಾಗಿ ಎರಡನೆಯದು ಬಂತು. ಅದೇ ಮಾಡೆಲ್ ತಗೊಳ್ಳಿ ಅಂತ ಬಲ್ಲವರು ಹೇಳುವುದಕ್ಕೆ ಕಾರಣ ಇದೆ. ಪೋರ್ಟ್ ಇರುವುದೊಂದು, ಮುಚ್ಚಿದ ಪೆಟ್ಟಿಗೆಯದೊಂದು ಸೇರಿಸಿದರೆ ತೀರಾ ಕೆಳಗಿನ ಹರ್ಟ್ಸ್‌ಗಳಲ್ಲಿ ಒಂದಕ್ಕೊಂದು ಹೆಜ್ಜೆ ತಪ್ಪುತ್ತವೆ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್, ಕಾರಿನ ಹಿಂದಿನ ಸೀಟಿನಲ್ಲಿ ತಂದೆವು.

ಎಲ್ಲಿ ಇಡುವುದು? ಮುಂದಿನ ಎರಡು ಮೂಲೆಗಳಲ್ಲಿ ಒಂದೊಂದು ಅನ್ನುವುದು ಎಲ್ಲರಿಗೂ ಹೊಳೆಯುವ ದಾರಿ. ನಮ್ಮಲ್ಲಿ ಎಡ ಮೂಲೆ ಈಶಾನ್ಯ. “ಈಶಾನ್ಯದಲ್ಲಿ ಭಾರ ಇಡಬಾರ್ದು ಕಣೋ” ಅಂತ ಅಮ್ಮ ಅಡ್ಡ ನಿಂತರು. ನೈಋತ್ಯದಲ್ಲಿ ಎಷ್ಟು ಭಾರ ಬೇಕಾದರೂ ಇಡು ಅಂದರು. ಅಲ್ಲಿ ಡೈನಿಂಗ್ ಇದೆ! ವಾಸ್ತು ಬದಿಗಿಟ್ಟು ನೋಡಿದರೂ ಮೂಲೆ ಅಂದರೆ ಹಾಲ್‌ನ ಎಲ್ಲ ಅನುರಣನಗಳನ್ನೂ (ಗೋಡೆಗಳ ನಡುವೆ ಸಿಕ್ಕಿಕೊಳ್ಳುವ ಅಲೆಗಳನ್ನು) ಒಟ್ಟಿಗೆ ಎಬ್ಬಿಸುವ ಜಾಗ. ಸದ್ದು ಜಾಸ್ತಿ ಬರುತ್ತದೆ, ಗುಂಯ್‌ಗುಡುವಿಕೆಯೂ ಜಾಸ್ತಿ. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಒಂದು ಅಧ್ಯಯನ ಈ ಹವ್ಯಾಸದವರಿಗೆಲ್ಲ ಪರಿಚಿತ. ಆಯತಾಕಾರದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದು ಸಬ್ ಇಟ್ಟರೆ ಸೀಟಿಂದ ಸೀಟಿಗೆ ವ್ಯತ್ಯಾಸ ಚೆನ್ನಾಗಿ ತಗ್ಗುತ್ತದೆ, ನಾಲ್ಕಕ್ಕಿಂತ ಜಾಸ್ತಿ ಇಟ್ಟು ಹೆಚ್ಚೇನೂ ಸಿಗದು ಅನ್ನುವುದು ಅದರ ಸಾರ.

ನಮಗೆ ಒಗ್ಗಿದ್ದು ಎಡ ಗೋಡೆ, ಬಲ ಗೋಡೆ. ಪಾರ್ಕಿನ ಸೀಸಾದ ಎರಡು ತುದಿಗಳಲ್ಲಿ ಇಬ್ಬರು ಒಟ್ಟಿಗೆ ಒಂದೇ ಸಮ ಕೆಳಗೆ ಒತ್ತಿದರೆ ಹಲಗೆ ಯಾವ ಕಡೆಗೂ ವಾಲದು. 35 ಹರ್ಟ್ಸ್ ಅಲೆಗೂ ಹೀಗೆಯೇ ಆಗುತ್ತದೆ. ಅದು ಏಳಬೇಕಾದರೆ ಒಂದು ಗೋಡೆ ಕಡೆ ಒತ್ತಡ ಏರುವಾಗ ಇನ್ನೊಂದು ಕಡೆ ಇಳಿಯಬೇಕು. ಎರಡೂ ಕಡೆಯಿಂದ ಒಟ್ಟಿಗೆ ಒತ್ತಿದರೆ ಅದು ಏಳುವುದೇ ಇಲ್ಲ.

ಎಡಗಡೆ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡ್ ಹೊರಗೆ ಹೋಯಿತು. ಬಲಗಡೆ ದಿವಾನ್ ಹಿಂದಕ್ಕೆ ಸರಿದು ಕಿಟಕಿ ಕೆಳಗೆ ಜಾಗ ಬಿಟ್ಟಿತು. ಎರಡು ಸಬ್‌ಗಳೂ ಒಂದಕ್ಕೊಂದು ನೇರ ಎದುರು ಇರುವುದು ಮುಖ್ಯ. ಟಿವಿಯಿಂದ ಎಷ್ಟು ದೂರ ಅನ್ನುವುದರಲ್ಲಿ ಒಂದೆರಡು ಅಡಿ ಆಚೀಚೆ ಆದರೂ ನಡೆಯುತ್ತದೆ. ಒಂದೇ ಸಬ್ ಇರುವವರಿಗೆ ಇನ್ನೊಂದು ಉಪಾಯ ಇದೆ. ಸಬ್ಬನ್ನು ಸೋಫಾ ಮೇಲೆ, ನೀವು ಕೂರುವ ಜಾಗದಲ್ಲೇ ಇಟ್ಟು ಬೇಸ್ ಹಾಕಿ, ನೀವು ಗೋಡೆ ಬದಿಯಲ್ಲಿ ಅಂಬೆಗಾಲಿಡುತ್ತ ಕೇಳಿಕೊಂಡು ಬನ್ನಿ. ಎಲ್ಲಿ ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ನೆಂಟರು ಮನೆಯಲ್ಲಿ ಇಲ್ಲದ ದಿನ ಮಾಡಿ.

ಕಿವಿಯೊಂದನ್ನೇ ನಂಬಬೇಡಿ. ಆರ್‌ಇಡಬ್ಲ್ಯೂ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದಕ್ಕೆ ಯುಮಿಕ್-1 ಮೈಕ್ ಹಾಕಿ ಅಳೆದೆ. ಮೊದಲು ನಡು ಸೀಟಿನಲ್ಲಿ 35ರ ಬಳಿ ದೊಡ್ಡ ಹಳ್ಳ ಕಾಣುತ್ತಿತ್ತು. ಜಾಗ ಬದಲಾದ ಮೇಲೆ ಗ್ರಾಫ್‌ನಲ್ಲಿ ಅದನ್ನು ಹುಡುಕಬೇಕಾಯಿತು. ಅದರ ಬದಲು 70ರ ಬಳಿ ಒಂದು ಉಬ್ಬು ಬಂತು, ಅಗಲದ ಎರಡನೇ ಅನುರಣನ. ಉಬ್ಬು ತಾನೇ, ರಿಸೀವರ್‌ನ ಆಡಿಸ್ಸಿ (ಕೋಣೆಗೆ ತಕ್ಕಂತೆ ಸದ್ದು ಸರಿಪಡಿಸುವ ವ್ಯವಸ್ಥೆ) ಅದನ್ನು ಇಳಿಸಿಕೊಂಡಿತು.

ರಿಸೀವರ್ ಬಗ್ಗೆ ಒಂದು ಎಚ್ಚರಿಕೆ. ಹಿಂದೆ ಎರಡು ಸಬ್ ಔಟ್ ಇದ್ದ ಮಾತ್ರಕ್ಕೆ ಎರಡನ್ನೂ ಬೇರೆಬೇರೆಯಾಗಿ ಹೊಂದಿಸುತ್ತದೆ ಅಂತ ಅರ್ಥ ಅಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಎರಡಕ್ಕೂ ಹೋಗುವುದು ಒಂದೇ ಸಿಗ್ನಲ್. ಈ ಡೆನಾನ್‌ನಲ್ಲಿ ಆಡಿಸ್ಸಿ ಎಕ್ಸ್‌ಟಿ32 ಇರುವುದರಿಂದ ಎರಡರ ದೂರ, ಮಟ್ಟ ಬೇರೆಬೇರೆ ಅಳೆದು, ಆಮೇಲೆ ಎರಡನ್ನೂ ಸೇರಿಸಿ ಸರಿಪಡಿಸುತ್ತದೆ. ಸಬ್ ಎಂಟು ಅಡಿ ದೂರ ಇದ್ದರೂ ಅದು ಇನ್ನೂ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಸಬ್ ಒಳಗಿನ ಡಿಜಿಟಲ್ ಸರ್ಕ್ಯೂಟ್ ತಗೊಳ್ಳುವ ಸಮಯವನ್ನೂ ಅದು ದೂರವಾಗಿಯೇ ಲೆಕ್ಕ ಹಾಕುತ್ತದೆ. ಆ ಅಂಕಿಯನ್ನು ಮುಟ್ಟಬೇಡಿ. ಕ್ರಾಸ್‌ಓವರ್ 80 ಹರ್ಟ್ಸ್, ಟವರ್ ಸೇರಿ ಎಲ್ಲ ಸ್ಪೀಕರ್ ‘ಸ್ಮಾಲ್’, ಅಂದರೆ 80ಕ್ಕಿಂತ ಕೆಳಗಿನ ಸದ್ದು ಸಬ್‌ಗಳಿಗೆ ಹೋಗುವ ಸೆಟ್ಟಿಂಗ್. ಟವರ್ ದೊಡ್ಡದಲ್ವಾ, ಸ್ಮಾಲ್ ಯಾಕೆ ಅಂತ ಕೇಳುವವರಿಗೆ ಉತ್ತರ ಇದೇ: ಆ ಟವರ್‌ಗಳು ಬೇಸ್‌ಗೆ ಒಳ್ಳೆ ಜಾಗದಲ್ಲಿ ನಿಂತಿಲ್ಲ, ಸಬ್‌ಗಳು ನಿಂತಿವೆ.

ಈಗ ದಿನನಿತ್ಯದ ವಿಷಯಕ್ಕೆ ಬರುತ್ತೇನೆ. ಡೊಳ್ಳು ಕುಣಿತದ ಒಂದು ಒಳ್ಳೆ ರೆಕಾರ್ಡಿಂಗ್ ಹಾಕಿದರೆ ಡೊಳ್ಳಿನ ಪೆಟ್ಟು ಬಿದ್ದು ಅಲ್ಲೇ ನಿಲ್ಲುತ್ತದೆ, ಎಳೆದಾಡುವುದಿಲ್ಲ. ಕ್ರಿಕೆಟ್‌ಗೆ ಇದೆಲ್ಲ ಏನೂ ಬೇಡ, ನಿಜ ಹೇಳಬೇಕೆಂದರೆ. ಸಿನಿಮಾದಲ್ಲಿ ಸಬ್ ಎಲ್ಲಿದೆ ಅಂತಲೇ ಗೊತ್ತಾಗದು, ಅದೇ ಅದರ ಗೆಲುವು. ಸೋಫಾದ ಮೂರೂ ಸೀಟಿನಲ್ಲಿ ಬೇಸ್ ಹೆಚ್ಚುಕಡಿಮೆ ಒಂದೇ ಥರ. ದಿವಾನ್ ಮಾತ್ರ ಬಲ ಸಬ್‌ಗೆ ಹತ್ತಿರ, ಅಲ್ಲಿ ಕೂತವರಿಗೆ ನಡುಕ ಇನ್ನೂ ಇದೆ.

ಕಾಟ ಕೊಟ್ಟದ್ದು ಹಾಲ್‌ನ ಬೇರೆ ಸಾಮಾನುಗಳು. ದೇವರ ಮನೆ ಬಾಗಿಲಿನ ಸಣ್ಣ ಹಿತ್ತಾಳೆ ಗಂಟೆಗಳು ಯುದ್ಧದ ದೃಶ್ಯದಲ್ಲಿ ತಾವೇ ಮೊಳಗುತ್ತಿದ್ದವು. ಅಮ್ಮನಿಗೆ ಅದು ಇಷ್ಟವಾಗಲಿಲ್ಲ ಅಂತ ಹೇಳಲಾರೆ. ಶೋಕೇಸ್ ಗಾಜು, ಕಿಟಕಿಯ ಸೊಳ್ಳೆ ಜಾಲರಿ, ಸ್ಟೀಲ್ ಬೀರುವಿನ ಹಿಡಿ, ಎಲ್ಲಕ್ಕೂ ಭಾವ ಬರುತ್ತದೆ. ನಿಧಾನಕ್ಕೆ 20ರಿಂದ 100 ಹರ್ಟ್ಸ್‌ವರೆಗೆ ಏರುವ ಟೋನ್ ಹಾಕಿ, ಯಾವುದು ಗಲಗಲ ಅನ್ನುತ್ತದೋ ಅದಕ್ಕೆ ರಬ್ಬರ್ ತುಂಡೋ ಫೆಲ್ಟೋ ಕೊಡಿ. ಸಬ್ ಕೆಟ್ಟಿದೆ ಅಂತ ದೂರು ಕೊಡುವ ಎಷ್ಟೋ ಜನರ ಮನೆಯಲ್ಲಿ ಕೆಟ್ಟಿರುವುದು ಶೋಕೇಸ್ ಬಾಗಿಲು.

ಇನ್ನೊಂದು, ನೆಲ ಒರೆಸುವ ನೀರು. ಪೆಟ್ಟಿಗೆ ಎಂಡಿಎಫ್‌ದು (ಮರದ ನಾರು ಒತ್ತಿ ಮಾಡಿದ ಹಲಗೆ), ಬುಡಕ್ಕೆ ದಿನಾ ತೇವ ತಗುಲಿದರೆ ಊದಿಕೊಳ್ಳುತ್ತದೆ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಗ್ರಾನೈಟ್ ತುಂಡುಗಳ ಮೇಲೆ ಎರಡನ್ನೂ ಕೂರಿಸಿದ್ದೇನೆ. ಊರಿಗೆ ಹೋಗುವಾಗ ಪೋರ್ಟ್ ಬಾಯಿಗೆ ಹಳೆ ಸಾಕ್ಸ್ ತುರುಕುತ್ತೇನೆ. ಹಲ್ಲಿಗೆ ಅದಕ್ಕಿಂತ ಒಳ್ಳೆ ಮನೆ ಸಿಗದು. ವಾಪಸ್ ಬಂದು ಹಾಕುವ ಮುಂಚೆ ತೆಗೆಯಬೇಕು, ಅಷ್ಟೆ.

ಕರೆಂಟ್ ವಿಷಯ. ಎರಡನೇ ಸಬ್ ಬೇರೆ ಗೋಡೆಯ ಪ್ಲಗ್‌ಗೆ ಹೋದ ಕೂಡಲೇ 50 ಹರ್ಟ್ಸ್‌ನ ಜುಂಯ್ ಶುರುವಾಯಿತು. ಎರಡು ಪ್ಲಗ್‌ಗಳ ಅರ್ಥ್ ನಡುವೆ ವ್ಯತ್ಯಾಸ ಇದ್ದರೆ ಹೀಗಾಗುತ್ತದೆ, ಕೇಬಲ್ ಟಿವಿ ವೈರಿಂದಲೂ ಬರಬಹುದು. “ಅರ್ಥ್ ಪಿನ್ ಕಿತ್ತಾಕ್ಬಿಡಿ ಸಾರ್, ಹೋಗ್ತದೆ” ಅಂದ ಒಬ್ಬ ಎಲೆಕ್ಟ್ರಿಷಿಯನ್. ಜುಂಯ್ ಹೋಗುತ್ತದೆ, ಜೊತೆಗೆ ನಿಮ್ಮನ್ನು ಶಾಕ್‌ನಿಂದ ಕಾಯುವುದೂ ಹೋಗುತ್ತದೆ. ಹಾಗೆ ಮಾಡಬೇಡಿ. ರಿಸೀವರ್ ಇರುವ ಬೋರ್ಡ್‌ನಿಂದಲೇ ಎರಡು ಸಬ್‌ಗಳಿಗೂ ಲೈನ್ ಎಳೆಸಿದೆ, ಸದ್ದು ನಿಂತಿತು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗುತ್ತದೆ, ಆಗಾಗ ಒಂದು ಬಕೆಟ್ ನೀರು ಹಾಕಿ. ಗುಡುಗಿನ ಸೂಚನೆ ಕಂಡರೆ ಪ್ಲಗ್ ಕೀಳಿ, ಕೇಬಲ್ ವೈರ್ ಸೇರಿ. ಹಳೆ ಸಬ್ ಸುಟ್ಟ ಮೇಲೆ ನಮ್ಮ ಮನೆಯಲ್ಲಿ ಇದು ಮಗಳ ಕೆಲಸ, ಮೋಡ ಕಂಡರೆ ಸಾಕು ಓಡುತ್ತಾಳೆ.

ರಾತ್ರಿ ಕಡಿಮೆ ವಾಲ್ಯೂಮ್‌ನಲ್ಲಿ ನೋಡುವವರು ಎರಡು ವಿಷಯ ನೋಡಿಕೊಳ್ಳಿ. ಸಬ್‌ನ ಆಟೋ-ಆನ್ ಮೆಲುದನಿಗೆ ಏಳದೇ ಇದ್ದರೆ ಸಬ್‌ನ ಗೇನ್ (ಅದರ ಮೇಲಿರುವ ವಾಲ್ಯೂಮ್) ಸ್ವಲ್ಪ ಇಳಿಸಿ, ರಿಸೀವರ್‌ನಲ್ಲಿ ಸಬ್ ಮಟ್ಟವನ್ನು ಅಷ್ಟೇ ಏರಿಸಿ. ಎರಡನೆಯದು ಡೈನಾಮಿಕ್ ಈಕ್ಯು. ಮೆಲ್ಲಗೆ ಹಾಕಿದಾಗ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ ಅಂತ ಅದು ಬೇಸ್ ಏರಿಸುತ್ತದೆ. ಒಳ್ಳೆ ಯೋಚನೆಯೇ, ಆದರೆ ಬೇಸ್‌ಗೆ ಕಾಂಪೌಂಡ್ ಲೆಕ್ಕಕ್ಕಿಲ್ಲ. ಹತ್ತು ಗಂಟೆ ಮೇಲೆ ನಾನು ಅದನ್ನು ಆಫ್ ಮಾಡುತ್ತೇನೆ. ಪಕ್ಕದ ಮನೆಯವರು ಬಿ.ಎಚ್. ರಸ್ತೆಯ ಲಾರಿ ಅಂತಲೇ ಅಂದುಕೊಂಡಿದ್ದಾರೆ, ಹಾಗೇ ಇರಲಿ.

ನಿಮ್ಮದು 12 ಅಡಿಗೆ 10 ಅಡಿ ಕೋಣೆಯಾದರೆ ಇಷ್ಟು ದೊಡ್ಡ ಪೋರ್ಟ್ ಪೆಟ್ಟಿಗೆ ಬೇಡ, ಮುಚ್ಚಿದ ಪೆಟ್ಟಿಗೆಯ ಸಣ್ಣ ಸಬ್ ಸಾಕು. ಬಾಡಿಗೆಗೆ ಮಹಡಿ ಮೇಲಿದ್ದರೆ ಕೆಳಗಿನ ಮನೆಯವರನ್ನು ಒಮ್ಮೆ ಕರೆದು ಕೇಳಿಸಿ, ಆಮೇಲೆ ಕೊಳ್ಳಿ. ದೊಡ್ಡ ಹಾಲ್ ಇದ್ದು ದುಡ್ಡು ಒಂದಕ್ಕೆ ಮಾತ್ರ ಇದ್ದರೆ, ಈಗ ಒಂದು ತಂದು ಎರಡನೆಯದಕ್ಕೆ ಎದುರು ಗೋಡೆಯಲ್ಲಿ ಜಾಗವನ್ನೂ ಒಂದು ಪ್ಲಗ್ ಪಾಯಿಂಟನ್ನೂ ಬಿಟ್ಟಿರಿ. ಕೇಬಲ್ ಪೈಪನ್ನು ಟೈಲ್ಸ್ ಹಾಕುವ ಮೊದಲೇ ಎಳೆಸಿ. ನಮ್ಮಲ್ಲಿ ಬಾಗಿಲ ಮೇಲಿಂದ ಸುತ್ತಿ ಬಂದಿರುವ ಕರಿ ವೈರ್ ಬಗ್ಗೆ ನನ್ನ ಹೆಂಡತಿ ಇನ್ನೂ ಮಾತಾಡುತ್ತಾಳೆ.