ನೀರಿಗೆ ನಾಲ್ಕು ಸ್ಟಾರ್, ಚರಂಡಿಗೆ ಒಂದು

ಸಬ್ಸಿಡಿಯಲ್ಲಿ ಬಂದ ಸಮುದಾಯ ಕುಡಿಯುವ ನೀರಿನ ಘಟಕ. ಆರ್‌ಓ, ಅಂದರೆ ನೀರನ್ನು ಒತ್ತಡ ಹಾಕಿ ಮೆಂಬ್ರೇನ್ ಅನ್ನುವ ತೆಳು ಪೊರೆಯಲ್ಲಿ ಸೋಸುವ ಯಂತ್ರ, ಗಂಟೆಗೆ 500 ಲೀಟರ್. ನಾನು ಬಳಸಿದ್ದು ಎರಡೂವರೆ ವರ್ಷ, ದಿನಕ್ಕೊಂದು 20 ಲೀಟರ್ ಕ್ಯಾನ್. ನಾನು ಎಂಜಿನಿಯರ್ ಅಲ್ಲ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ನೀರಿನ ಸಮಿತಿಯಲ್ಲಿ ಒಬ್ಬ ಮಹಿಳೆ ಇರಲೇಬೇಕು ಅಂತ ಕಾಗದದಲ್ಲಿತ್ತಂತೆ, ನನ್ನ ಹೆಸರು ಬರೆದುಕೊಂಡರು. ಸಹಿ ಹಾಕಿಸಿಕೊಳ್ಳಲು ಬಂದ ದಿನವೇ ನಾನು ಸದಸ್ಯೆ ಅನ್ನುವುದು ನನಗೆ ಗೊತ್ತಾಗಿದ್ದು.

ಮೊದಲು ನೀರಿನ ವಿಷಯ. ಚೆನ್ನಾಗಿದೆ. ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 1.5. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಇನ್ನೂ ಏರಿದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ. ಈಗ ನಲ್ಲಿಯ ನೀರಿನ ಲ್ಯಾಬ್ ವರದಿಯಲ್ಲಿ 0.1 ಇದೆ. ಇದಕ್ಕೆ ಧಾರಾಳವಾಗಿ ಸ್ಟಾರ್ ಕೊಡಬಹುದು.

ಒಂದು ಸ್ಟಾರ್ ಕಡಿಮೆಯಾಗಿದ್ದು ಟಿಡಿಎಸ್ ಮೀಟರ್‌ನಿಂದ. ಯಾರು ಏನು ಕೇಳಿದರೂ ಆಪರೇಟರ್ ಆ ಪೆನ್ನಿನಂಥ ಮೀಟರ್ ಅದ್ದಿ, "ನೋಡಿ ಅಕ್ಕ, ಅರವತ್ತು!" ಅಂತ ತೋರಿಸುತ್ತಾರೆ. ಅದು ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟಿದೆ ಅನ್ನುವ ಅಂದಾಜು ಮಾತ್ರ. ಫ್ಲೋರೈಡ್ ಎಷ್ಟು ಅಂತ ಬೇರೆಯಾಗಿ ಹೇಳುವುದಿಲ್ಲ. ರೋಗಾಣು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಸಿಗಬಾರದು. ಆ ಪರೀಕ್ಷೆಗೆ ಲ್ಯಾಬೇ ಬೇಕು. ನಮ್ಮಲ್ಲಿ ಅದು ಶುರುವಿನಲ್ಲಿ ಒಂದು ಸಲ ಆಗಿತ್ತು, ಆಮೇಲೆ ಇಲ್ಲ.

ಇನ್ನು ಆ ಕಾಗದ. ಘಟಕದ ಜೊತೆ 'ಪರಿಸರ ಮತ್ತು ಸಾಮಾಜಿಕ ಸುರಕ್ಷತಾ ಯೋಜನೆ' ಅಂತ ದಪ್ಪನೆಯ ಕಡತ ಬಂದಿತ್ತು. ಬೀರುವಿನಲ್ಲಿತ್ತು, ಯಾರೂ ಮುಟ್ಟಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮೆಷಿನ್ ನಿಂತಿತು. ಸುಮ್ನೆ ಕೂರುವ ಬದಲು ತಂದು ಓದಿದೆ. ಯಾವ ಬಟ್ಟೆಯನ್ನಾದರೂ ನಾನು ಒಳಮಗ್ಗುಲು ತಿರುಗಿಸಿಯೇ ನೋಡುವುದು. ಕೆಲಸ ಎಂಥದ್ದು ಅಂತ ಅಲ್ಲಿ ಗೊತ್ತಾಗುತ್ತದೆ.

ನಿಜ ಹೇಳಬೇಕೆಂದರೆ ಕಡತದ ಮೊದಲರ್ಧ ಇಷ್ಟವಾಯಿತು. ವಿಶ್ವ ಬ್ಯಾಂಕ್ 2018ರಲ್ಲಿ ಜಾರಿಗೆ ತಂದ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿನಲ್ಲಿ 10 ಮಾನದಂಡಗಳಿವೆ. ಅದನ್ನೇ ಪಕ್ಕದಲ್ಲಿಟ್ಟುಕೊಂಡು ಬರೆದಂತಿತ್ತು. ಅದರ ಕ್ರಮ ಸರಳ. ಮೊದಲು ತೊಂದರೆಯೇ ಆಗದಂತೆ ನೋಡು. ಅದು ಸಾಧ್ಯವಾಗದಿದ್ದರೆ ತೊಂದರೆ ಕಡಿಮೆ ಮಾಡು. ಆದದ್ದನ್ನು ಸರಿಪಡಿಸು. ಆಮೇಲೂ ಉಳಿದ ನಷ್ಟಕ್ಕೆ ಪರಿಹಾರ ಕೊಡು. ಬಟ್ಟೆ ಕತ್ತರಿಸುವ ಮೊದಲೇ ಅಳತೆ ನೋಡು ಅನ್ನುವ ಲೆಕ್ಕ.

ಕಾಲು ಜಾರಿದ್ದು ತ್ಯಾಜ್ಯ ನೀರಿನ ಪುಟದಲ್ಲಿ. ಅಲ್ಲಿದ್ದದ್ದು ಒಂದೇ ಸಾಲು: "ತ್ಯಾಜ್ಯ ನೀರನ್ನು ಸೂಕ್ತವಾಗಿ ವಿಲೇವಾರಿ ಮಾಡಲಾಗುವುದು." ಈ 'ಲಾಗುವುದು' ಇದೆಯಲ್ಲ, ಅದನ್ನು ಕಂಡರೆ ನನಗೆ ಭಯ. ಯಾರು ಮಾಡುತ್ತಾರೆ, ಯಾವಾಗ, ಎಲ್ಲಿ, ಏನೂ ಇಲ್ಲ. ಸೂಕ್ತ ಅಂದರೆ ಯಾವುದು? ಎದ್ದು ಹೋಗಿ ಘಟಕದ ಹಿಂದೆ ನೋಡಿದೆ. ಒಂದು ಪೈಪು ಇಂಗುಗುಂಡಿಗೆ ಹೋಗಿತ್ತು. ಗುಂಡಿಯಿಂದ ಬೋರ್‌ಗೆ ನನ್ನ ಹೆಜ್ಜೆಯಲ್ಲಿ ಹನ್ನೆರಡು ಹೆಜ್ಜೆ.

ಮರುದಿನ ಬಕೆಟ್ ತಗೊಂಡು ಹೋದೆ. ಯಂತ್ರ 20 ಲೀಟರ್ ಒಳ್ಳೆಯ ನೀರು ಕೊಡುವಷ್ಟರಲ್ಲಿ ಹಿಂದಿನ ಪೈಪಿನಿಂದ 30 ಲೀಟರ್ ಹೊರಗೆ ಬಂತು. ಅಂದರೆ ಒಂದು ಕ್ಯಾನ್ ಕುಡಿಯಲು ನೆಲದಿಂದ 50 ಲೀಟರ್ ಎತ್ತುತ್ತಿದ್ದೇವೆ. ಆಪರೇಟರ್ ಅಣ್ಣನ ಮೀಟರನ್ನೇ ಕೇಳಿ ಪಡೆದು ಅದ್ದಿದೆ. ಬೋರ್ ನೀರು 1200, ನಲ್ಲಿ ನೀರು 60, ಹಿಂದಿನ ಪೈಪಿನ ನೀರು 1950ರ ಹತ್ತಿರ. ಆಶ್ಚರ್ಯವೇನಿಲ್ಲ. ಮೆಂಬ್ರೇನ್ ಲವಣವನ್ನು ಮಾಯ ಮಾಡುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತದೆ. ಅದೇ ಲೆಕ್ಕದಲ್ಲಿ ಆ 30 ಲೀಟರಿನಲ್ಲಿ ಫ್ಲೋರೈಡ್ ಲೀಟರಿಗೆ 4 ಮಿಲಿಗ್ರಾಂ ಆಸುಪಾಸು ಇರಬೇಕು. ಅದನ್ನು ಬೋರ್ ಪಕ್ಕದಲ್ಲೇ ಮಣ್ಣಿಗೆ ಇಂಗಿಸುತ್ತಿದ್ದೆವು. ಎರಡು ವರ್ಷ! ಗುಂಡಿ ತುಂಬಿ ಹರಿದ ದಿನ ಆಡುಗಳು ಬಂದು ಕುಡಿಯುತ್ತಿದ್ದವು.

ಒಳ್ಳೆಯ ಉದ್ದೇಶದ ನೀರಿನ ಯೋಜನೆ ಪರೀಕ್ಷೆ ಮಾಡದ ಜಾಗದಲ್ಲೇ ಎಡವುತ್ತದೆ ಅನ್ನುವುದಕ್ಕೆ ಬಾಂಗ್ಲಾದೇಶಕ್ಕಿಂತ ದೊಡ್ಡ ಉದಾಹರಣೆ ಬೇಡ. ಕೆರೆಕುಂಟೆ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದರು ಅಂತ 1970ರ ದಶಕದಿಂದ ಅಲ್ಲಿ ಲಕ್ಷಾಂತರ ಕೊಳವೆ ಬಾವಿ ಕೊರೆದರು. ರೋಗಾಣುವಿನ ಚಿಂತೆ ಕಡಿಮೆಯಾಯಿತು. ಆದರೆ ನೆಲದಡಿಯ ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಇದೆಯಾ ಅಂತ ಯಾರೂ ನೋಡಿರಲಿಲ್ಲ. 1993ರಲ್ಲಿ ಅದು ಪತ್ತೆಯಾಯಿತು. ಆಮೇಲೆ ಬಾವಿ ಬಾವಿಗೂ ಹೋಗಿ ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ನಮ್ಮದು ಅದರ ಮುಂದೆ ಏನೂ ಅಲ್ಲ, ಸರಿ. ಆದರೆ ತಪ್ಪು ಅದೇ ಜಾತಿಯದು.

ಈಗ ಬೀಗದ ಕೈ ಕಥೆ. ಘಟಕಕ್ಕೆ ಜಾಗವನ್ನು ಒಬ್ಬರು ದಾನ ಕೊಟ್ಟರು. ದೊಡ್ಡ ಮನಸ್ಸು, ಇಲ್ಲ ಅನ್ನುವುದಿಲ್ಲ. ದಾನದ ಜಾಗಕ್ಕೂ ನಿಯಮಗಳಿವೆ. ಕೊಡುವವರಿಗೆ ವಿಷಯ ಪೂರ್ತಿ ತಿಳಿಸಿರಬೇಕು. ಒಲ್ಲೆ ಅನ್ನುವ ಸ್ವಾತಂತ್ರ್ಯ ಇರಬೇಕು. ಜಾಗ ಸಣ್ಣದಾಗಿರಬೇಕು, ಕೊಟ್ಟ ಮೇಲೆ ಅವರ ಬದುಕಿಗೆ ಕುತ್ತು ಬರಬಾರದು. ಎಲ್ಲ ಬರಹದಲ್ಲಿ ಇರಬೇಕು. ನಮ್ಮಲ್ಲಿ ಮಾತಿನಲ್ಲೇ ಮುಗಿಸಿದ್ದರು. ಹಾಗಾಗಿ ಬೀಗದ ಕೈ ಕೂಡ ಜಾಗದ ಜೊತೆ ತಮ್ಮದೇ ಅಂತ ಅವರು ತಿಳಿದುಕೊಂಡರು. ಅವರು ಎದ್ದಾಗ ಬೆಳಗು. ಅವರು ಮದುವೆಗೆ ಹೋದರೆ ನಮಗೆ ನೀರಿಲ್ಲ. ನಸುಕಿನಲ್ಲೇ ಕೂಲಿಗೆ ಹೊರಡುವ ಹೆಂಗಸರು ಹಳೆಯ ಕೈಪಂಪಿನ ನೀರನ್ನೇ ಕುಡಿಯುತ್ತಿದ್ದರು. ಘಟಕ ಯಾರಿಗೆ ಅಂತ ಬಂತೋ ಅವರಿಗೇ ಸಿಗುತ್ತಿರಲಿಲ್ಲ.

ಅವರ್ಯಾಕೆ ದೂರು ಕೊಡಲಿಲ್ಲ ಅಂತ ಕೇಳಬಹುದು. ದೂರು ಪೆಟ್ಟಿಗೆ ಇತ್ತು. ಕಡತದ ಪ್ರಕಾರ ಇರಲೇಬೇಕು. ಅದನ್ನು ಘಟಕದ ಬಾಗಿಲಿನ ಒಳಗೆ ನೇತು ಹಾಕಿದ್ದರು. ಅದರ ಬೀಗದ ಕೈಯೂ ಅದೇ ಗೊಂಚಲಿನಲ್ಲಿತ್ತು. ನಗಬೇಡಿ. ಪರಿಶೀಲನೆಗೆ ಬಂದವರು ಪೆಟ್ಟಿಗೆಯ ಫೋಟೊ ತೆಗೆದುಕೊಂಡು ಟಿಕ್ ಹಾಕಿ ಹೋದರು.

ಸಬ್ಸಿಡಿ ಬಗ್ಗೆಯೂ ಒಂದು ಮಾತು. ಅದು ಯಂತ್ರ ಕೂರಿಸುವ ತನಕ. ಮೆಂಬ್ರೇನ್ ಎರಡು ಮೂರು ವರ್ಷಕ್ಕೆ ಬದಲಿಸಬೇಕು, ಅದು ನಮ್ಮ ತಲೆಗೆ. ಹಣ ಕೂಡಿಡಿ ಅಂತ ಮೊದಲ ತಿಂಗಳೇ ಹೇಳಿದ್ದರೆ ಸುಲಭವಾಗುತ್ತಿತ್ತು. ಯಂತ್ರ ತೊಳೆಯುವ ಆಸಿಡ್ ಮುಟ್ಟಲು ಆಪರೇಟರ್‌ಗೆ ಕೈಗವಸು ಕೊಟ್ಟಿದ್ದು ಕೂಡ ನಾವೇ.

ಬಕೆಟ್ ಲೆಕ್ಕ ತೋರಿಸಿದ ಮೇಲೆ ಸಮಿತಿಯಲ್ಲಿ ಸ್ವಲ್ಪ ಗಲಾಟೆಯಾಯಿತು. "ಹೊಲಿಗೆಯವರಿಗೆ ನೀರಿನ ಉಸಾಬರಿ ಯಾಕೆ?" ಅಂದವರೂ ಇದ್ದರು. ಸಹಿ ನನ್ನದೂ ಇದೆ ಅಲ್ವಾ ಅಂದೆ. ಕೊನೆಗೆ ಗುಂಡಿ ಮುಚ್ಚಿಸಿದೆವು. ಈಗ ಆ ನೀರು ಪೈಪಿನಲ್ಲಿ ಇಳಿಜಾರಿಗೆ ಹೋಗಿ, ಮುಚ್ಚಿದ ಟ್ಯಾಂಕಿನಲ್ಲಿ ನಿಂತು, ಸಾಮೂಹಿಕ ಶೌಚಾಲಯಕ್ಕೆ ಬಳಕೆಯಾಗುತ್ತದೆ. ಅಲ್ಲಿಂದಲೂ ಒಂದಿಷ್ಟು ಮಣ್ಣಿಗೇ ಸೇರುತ್ತದೆ, ಗೊತ್ತು. ಆದರೆ ಶೌಚಾಲಯಕ್ಕೆ ಅಂತ ಬೇರೆ ನೀರು ಎತ್ತುವುದು ನಿಂತಿದೆ, ಬೋರ್‌ನಿಂದ ದೂರವೂ ಆಗಿದೆ. ಟ್ಯಾಂಕಿನ ಮೇಲೆ 'ಕುಡಿಯಬೇಡಿ' ಅಂತ ಬರೆಸಿದ್ದೇವೆ. ಓದಲು ಬಾರದವರಿಗೆ ಅಂತ ಕೊಡದ ಚಿತ್ರ ಬಿಡಿಸಿ ಅಡ್ಡಗೆರೆ ಎಳೆದಿದ್ದೇವೆ. ಬೀಗದ ಕೈ ಈಗ ಎರಡು, ಒಂದು ಆಪರೇಟರ್ ಹತ್ತಿರ, ಒಂದು ನಸುಕಿನಲ್ಲಿ ಹೊರಡುವ ಹೆಂಗಸರ ಹತ್ತಿರ. ದೂರು ಪೆಟ್ಟಿಗೆ ಹೊರಗಿನ ಗೋಡೆಗೆ ಬಂದಿದೆ. ಮೊದಲ ಚೀಟಿ ನನ್ನ ಮೇಲೇ ಇತ್ತು: ಸಭೆಯಲ್ಲಿ ಜಾಸ್ತಿ ಮಾತಾಡುತ್ತಾರಂತೆ.

ಬೋರ್ ನೀರನ್ನು ಮತ್ತೆ ಲ್ಯಾಬ್‌ಗೆ ಕಳಿಸಿದ್ದೇವೆ. 2.4 ಅಷ್ಟಕ್ಕೇ ನಿಂತಿದೆಯೋ, ನಾವೇ ಏರಿಸಿದ್ದೇವೋ ನೋಡಬೇಕು. ವರದಿ ಬರುವ ತನಕ ಚರಂಡಿಗೆ ಒಂದೇ ಸ್ಟಾರ್.